ಕಂಕುಳಲ್ಲಿದ್ದ ಫ್ಲಾಸ್ಕು

"ಆಗಲ್ಲಮ್ಮ," ಎಂದರು ಡಾಕ್ಟರ್ ಎಚೆವೆರಿ. "ಹೆಚ್ಚಿನ ಡೋಸಿನ ಕಿರಣ ಇವರಿಗೆ ಕೊಡೋಕಾಗಲ್ಲ."

ಸುಲ್ಮಾ ಗಂಡನ ಕೈ ಹಿಡಿದುಕೊಂಡಳು. ಗಂಡ ಎಲ್ಬಿಯೊನ ಮೇದೋಜೀರಕ ಗ್ರಂಥಿಯ ಗೆಡ್ಡೆ ದೊಡ್ಡ ರಕ್ತನಾಳವನ್ನೇ ತಬ್ಬಿಕೊಂಡಿದೆ, ಆಪರೇಷನ್ ಮಾಡುವ ಹಾಗಿಲ್ಲ ಎಂದು ಮೊದಲೇ ಕೈಚೆಲ್ಲಿದ್ದರು. ಉಳಿದಿದ್ದು ಈ ಕಿರಣಚಿಕಿತ್ಸೆಯೊಂದೇ. ಅದೂ ಇಲ್ಲವೆಂದರೆ?

ಡಾಕ್ಟರು ಪರದೆಯ ಮೇಲೆ ಆಗತಾನೇ ತೆಗೆದ ಸ್ಕ್ಯಾನ್ ತೋರಿಸಿದರು. "ಇದು ಗೆಡ್ಡೆ, ಇದು ಜಠರ. ಉಬ್ಬಿಕೊಂಡು ಗೆಡ್ಡೆಗೇ ಅಂಟಿದೆ ನೋಡಿ. ಜೋರಾಗಿ ಕಿರಣ ಬಿಟ್ರೆ ಜಠರಾನೂ ಸುಟ್ಟು ತೂತು ಬೀಳುತ್ತೆ. ಬೆಳಿಗ್ಗೆ ಏನಾದ್ರೂ ತಿಂದ್ರಾ? ಕುಡಿದ್ರಾ?"

"ಒಂದು ತುಣುಕು ಬ್ರೆಡ್ಡೂ ಇಲ್ಲ, ಒಂದು ಹನಿ ನೀರೂ ಇಲ್ಲ. ನಮ್ಮಮ್ಮನಾಣೆ!" ಎಂದಳು ಸುಲ್ಮಾ.

"ಹೊಟ್ಟೇಲಿರೋದು ಬರೀ ಭಯ ಡಾಕ್ಟ್ರೇ," ಎಂದ ಎಲ್ಬಿಯೊ. ಮೂವತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದವನು, ಸಾವಿನ ಬಾಗಿಲಲ್ಲೂ ತಮಾಷೆ ಬಿಡುವವನಲ್ಲ. "ಅದೇ ಉಬ್ಬಿರ್ಬೇಕು."

ಡಾಕ್ಟರು ನಿಟ್ಟುಸಿರು ಬಿಟ್ಟು, ಅಭ್ಯಾಸಬಲದಿಂದ ಮೇಜಿನ ಮೇಲಿದ್ದ ತಮ್ಮ ಮಾಟೆಯ, ಅಂದರೆ ಬಿಸಿನೀರು ಬಗ್ಗಿಸಿ ಹೀರುವ ಎಲೆಕಷಾಯದ, ಸೋರೆಬುರುಡೆ ಎತ್ತಿ ಕೊಳವೆಗೆ ಬಾಯಿ ಹಚ್ಚಿದರು. ಹಾಗೇ ನಿಂತುಬಿಟ್ಟರು. ಅವರ ಕಣ್ಣು ಸುಲ್ಮಾಳ ಕಂಕುಳಲ್ಲಿದ್ದ ಬಿಸಿನೀರಿನ ಫ್ಲಾಸ್ಕಿಗೆ ಹೋಯಿತು.

"ಅಮ್ಮಾ, ಆ ಫ್ಲಾಸ್ಕಲ್ಲಿ ಎಷ್ಟು ನೀರಿದೆ?"

ಅವಳು ಅಲ್ಲಾಡಿಸಿ ನೋಡಿದಳು. "ಖಾಲಿ."

"ಒಂದು ಲೀಟರಿಂದಾ?"

"ಹೂಂ. ಆದ್ರೆ ಡಾಕ್ಟ್ರೇ, ಅದು... ಮಾಟೆ!"

ಮೊಂಟೆವಿಡಿಯೊದಲ್ಲಿ ಮಾಟೆಯನ್ನು ಯಾರೂ ಕುಡಿಯುವ ಪದಾರ್ಥವೆಂದು ಎಣಿಸುವುದೇ ಇಲ್ಲ; ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಏನೂ ಕುಡಿಯಬೇಡಿ ಎಂದರೆ ಉಸಿರಾಡುವುದನ್ನೂ ಬಿಡುತ್ತಾರೆಯೇ?

"ಏನೂ ತಿನ್ನಬೇಡಿ, ಕುಡೀಬೇಡಿ ಅಂತ ಚೀಟಿ ಬರೆದೋನು ನಾನೇ," ಡಾಕ್ಟರು ಹಣೆ ಚಚ್ಚಿಕೊಂಡರು. "ನನಗೂ ಹೊಳೀಲಿಲ್ಲವಲ್ಲ! ಜಠರ ಉಬ್ಬಿದ್ದು ಆ ನೀರಿಂದ್ಲೇ ಇರ್ಬೇಕು. ನಾಳೆ ಬನ್ನಿ. ಮಾಟೆ ಮುಟ್ಟಬೇಡಿ."

ಸುಲ್ಮಾ ತನ್ನ ಕೈಗಳನ್ನೇ ನೋಡುತ್ತ ಕುಳಿತಳು. ಬೆಳಿಗ್ಗೆ ಆ ಲೀಟರನ್ನೂ ಗಂಡನಿಗೆ ಬಗ್ಗಿಸಿ ಬಗ್ಗಿಸಿ ಕೊಟ್ಟಿದ್ದು ಇದೇ ಕೈ.

ಮರುದಿನ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರು ಓಡುತ್ತಲೇ ಬಂದರು. "ಗೆಡ್ಡೆಗೂ ಜಠರಕ್ಕೂ ನಡುವೆ ಜಾಗ ಇದೆ! ಕಿರುಬೆರಳಷ್ಟು. ನಮಗಷ್ಟು ಸಾಕು. ಗೆಲ್ತೀವಿ ಅಂತ ಮಾತು ಕೊಡಲ್ಲ, ಆದ್ರೆ ಸೋಮವಾರದಿಂದ ಶುರು. ಹದಿನೈದು ಸಲ."

"ಹದಿನೈದು ಬೆಳಿಗ್ಗೆ ಮಾಟೆ ಇಲ್ದೇನಾ? ಇದಕ್ಕಿಂತ ಗೆಡ್ಡೇನೇ ವಾಸಿ," ಎಂದ ಎಲ್ಬಿಯೊ. ಅವನ ಕಣ್ಣು ಮಾತ್ರ ತುಂಬಿತ್ತು.

ಸುಲ್ಮಾಳಿಗೆ ನಗು ಬರಲಿಲ್ಲ. ನಿನ್ನೆ ಮನೆ ಬಿಡುವಾಗ ಅವನು ರೇಗಿಸಿದ್ದು ಈಗ ನೆನಪಾಯಿತು: "ಖಾಲಿ ಫ್ಲಾಸ್ಕ್ ಯಾಕೆ ಹೊರ್ತೀಯೇ ಮುದುಕಿ? ಮನೇಲಿಡು." ಅವಳು ಇಟ್ಟೂ ಇದ್ದಳು. ಬಾಗಿಲಿಗೆ ಬೀಗ ಹಾಕುವಾಗ ಕಂಕುಳು ಬರಿದೆನಿಸಿ, ಮತ್ತೆ ಒಳಗೆ ಹೋಗಿ ತಂದಿದ್ದಳು.

ತಾರದೇ ಇದ್ದಿದ್ದರೆ? ಡಾಕ್ಟರಿಗೆ ಕಾರಣವೇ ಹೊಳೆಯದೆ, ಗಂಡಹೆಂಡತಿ ಸುಮ್ಮನೆ ಮನೆಗೆ ಹೋಗುತ್ತಿದ್ದರು. ಅವಳು ಅವನ ಸಮಾಧಾನಕ್ಕೆಂದು ಒಲೆ ಹಚ್ಚಿ, ಇನ್ನೊಂದು ಮಾಟೆ ಬಗ್ಗಿಸಿ ಕೊಡುತ್ತಿದ್ದಳು.