ಮೇಜಿನ ಮೇಲಿನ ಘಾಟು

ಕಿಟಕಿಗೆ ಕಟ್ಟಿದ ಗೋಣಿಚೀಲದ ತೂತಿನಿಂದ ಬಿಸಿಲಿನ ಒಂದು ಎಳೆ ಮೇಜಿನ ಮೇಲೆ ಬಿದ್ದು ನಡುಗುತ್ತಿದೆ, ಹೊರಗೆ ಸಾತಾರಾ ಬಸ್ಸು ಹಾರ್ನ್ ಹೊಡೆಯುತ್ತ ಕಾತ್ರಜದ ಘಾಟಿನ ರಸ್ತೆ ದಾಟುತ್ತಿರಬೇಕು, ನನ್ನ ಬೆರಳು ಮಾತ್ರ ಸ್ವಿಚ್ಚಿನ ಮೇಲೇ ನಿಂತಿದೆ, ಒತ್ತು ರೇಣು, ಒತ್ತು, ನನಗೆ ನಾನೇ ಅಂದುಕೊಳ್ಳುತ್ತೇನೆ — ಊಟದ ಡಬ್ಬಿಗಿಂತ ಚಿಕ್ಕದು ಈ ಹೊಸ ಅಲ್ಯೂಮಿನಿಯಂ ಪೆಟ್ಟಿಗೆ, ಎಂಜಿನ್ನಿಗೆ ಯಾವ ಗಳಿಗೆ ಪೆಟ್ರೋಲ್, ಯಾವ ಗಳಿಗೆ ಕಿಡಿ, ಎಲ್ಲ ಇದೇ ಹೇಳುವುದು, ಕಾರಿಗೆ ಕೂಡಿಸುವ ಮೊದಲು ಮೇಜಿನ ಮೇಲೆ ಓಡಿಸಿ ನೋಡಿಯೇ ತೀರುತ್ತೇನೆಂದು ಹಟ ಹಿಡಿದವಳು ನಾನು. ಎಂಜಿನ್ನ ಇಲ್ಲದ ಹೆಂಗ ಓಡಸ್ತೀಯವಾ ಅಂತ ಅಪ್ಪ ನಕ್ಕರು, ಕಾರ್ಬ್ಯುರೇಟರನ್ನು ಕಿವಿಯಿಂದಲೇ ಹದಕ್ಕೆ ತರುವ ಮುರುಗೆಪ್ಪ ಮಿಸ್ತ್ರಿ, ನಗದೆ ಇನ್ನೇನು; ಓಡಸೂದಲ್ಲ ಅಪ್ಪಾ, ನಂಬಸೂದು — ಅವ್ವನ ಹೊಲಿಗೆ ಯಂತ್ರದ ಮೋಟಾರಿಗೆ ಹಲ್ಲಿನ ಗಾಲಿ ಸಿಕ್ಕಿಸಿದ್ದೇನೆ, ಗಾಲಿ ತಿರುಗಿದರೆ ಸೆನ್ಸರ್ ಹಲ್ಲೆಣಿಸುತ್ತದೆ, ಪೆಟ್ಟಿಗೆ ಎಂಜಿನ್ನೇ ತಿರುಗಿತೆಂದು ತಿಳಿದು ಕಿಡಿ ಹಾರಿಸುತ್ತದೆ. ಸೆನ್ಸರು, ವೈರು ತಂಗಿ ಶಿವಾನಿಯ ರೇಸ್ ಕಾರಿನವೇ. ಹೋದ ತಿಂಗಳು ಭೋರ್ ಆಚೆಯ ಘಾಟಿನ, ಬೆಟ್ಟದ ರಸ್ತೆಯ ರೇಸಿನಲ್ಲಿ, ತಿರುವಿನ ನಡುವೆ, ಎಂಜಿನ್ನಿನ ದನಿ ಒಮ್ಮೆಲೇ ಕುಸಿಯಿತು, ಕಾರು ಬಂಡೆಗೆ ಬಡಿಯಿತು, ಹಳೆಯ ಪೆಟ್ಟಿಗೆ ಜಜ್ಜಿಹೋಯಿತು, ತಂಗಿಯ ತೋಳು ಮುರಿಯಿತು. ಹೆದರಿ ಆಕ್ಸಿಲರೇಟರಿನಿಂದ ಕಾಲ ತಗದಾಳ ಅಂದರು ಎಲ್ಲರೂ, ಅಪ್ಪನೂ ಅಂದರು, ಇಲ್ಲ ಅಕ್ಕಾ ನಾ ಕಾಲ ತಗದಿಲ್ಲ ಅಂತ ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಒಬ್ಬಳೇ ಹೇಳುತ್ತಿದ್ದಳು, ಆಮೇಲೆ ಹೇಳುವುದನ್ನೂ ಬಿಟ್ಟಳು —

ಒತ್ತಿದೆ. ಹಸಿರು ದೀಪ ಹತ್ತಿತು, ಶಿವಾನಿ, ಪೆಡಲ್ ನೀನ ಒತ್ತು, ಪ್ಲಾಸ್ಟರಿನ ಕೈ ಎದೆಗೊತ್ತಿಕೊಂಡು ಅವಳು ಹೊಲಿಗೆ ಯಂತ್ರದ ಪೆಡಲಿನ ಮೇಲೆ ಬರಿಗಾಲಿಟ್ಟಳು, ಗಾಲಿ ತಿರುಗುತ್ತದೆ, ಕಬ್ಬಿಣದ ಪಟ್ಟಿಯ ಮೇಲೆ ಸಾಲಾಗಿ ಕಟ್ಟಿದ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳಲ್ಲಿ ಚಿಟ್, ಚಿಟ್, ನೀಲಿ ಕಿಡಿ, ಒಂದಾದ ಮೇಲೊಂದು, ಅಯ್ಯೋ ಎಷ್ಟು ಚಂದ, ಎಂಜಿನ್ನಿಲ್ಲ, ಹೊಗೆಯಿಲ್ಲ, ಬರೀ ನಂಬಿಕೆಯ ಮೇಲೆ ಉರಿಯುತ್ತಿವೆ, ಗಾಲಿಯಲ್ಲಿ ಒಂದು ಹಲ್ಲು ಬೇಕೆಂದೇ ಇಲ್ಲ, ಆ ಖಾಲಿ ಜಾಗ ಹಿಡಿದೇ ಪೆಟ್ಟಿಗೆ ತಾನೆಲ್ಲಿದ್ದೇನೆಂದು ಅರಿಯುತ್ತದೆ, ಇಲ್ಲದ್ದನ್ನು ನೋಡಿ ಇರುವುದನ್ನು ಅರಿಯುವುದು, ಇದನ್ನು ಯಾರು ಯೋಚಿಸಿದರೋ — ಇನ್ನೂ ಒತ್ತು, ಇನ್ನೂ, ಗಾಲಿ ಕೂಗುತ್ತದೆ, ಇದೇ ವೇಗ, ಘಾಟಿನ ತಿರುವಿನ ವೇಗ — ಕತ್ತಲೆ. ನಾಲ್ಕೂ ಒಟ್ಟಿಗೆ ಆರಿದವು. ಗಾಲಿ ತಿರುಗುತ್ತಲೇ ಇದೆ. ಅಪ್ಪ ಬಾಗಿ ಕೆಳಗೆ ನೋಡುತ್ತಿದ್ದಾರೆ, ಬಿಸಿಲಿನ ಎಳೆಗೆ ಕಾಣುವ ಅವಳ ಪಾದವನ್ನು, ಪೆಡಲನ್ನು ನೆಲಕ್ಕೆ ಒತ್ತಿ ಬೆರಳು ಬಿಳಿಚಿದ, ಇನ್ನೂ ತೆಗೆಯದ ಪಾದವನ್ನು. ವೈರು, ವೈರು ನೋಡು ರೇಣು, ಸೆನ್ಸರಿನ ಎರಡು ವೈರು ಅದಲುಬದಲು, ಮೆಲ್ಲಗಿರುವಾಗ ಸಾಗುತ್ತದೆ, ವೇಗ ಏರಿದರೆ ಪೆಟ್ಟಿಗೆಗೆ ಲೆಕ್ಕ ತಪ್ಪುತ್ತದೆ, ಕಾರಿನಲ್ಲಿ ಕೂಡಿಸಿದವರೇ ಉಲ್ಟಾ ಕೂಡಿಸಿದ್ದಾರೆ, ಇಷ್ಟೇ, ಇಷ್ಟಕ್ಕೇ ಒಂದು ಜೀವ ಹೋಗುವುದಿತ್ತು. ಬಿಚ್ಚಿದೆ, ತಿರುವಿ ಕಟ್ಟಿದೆ, ಒತ್ತು ಶಿವಾನಿ. ತಪ್ಪು ನಿಂದಲ್ಲ, ನನ್ನವ್ವಾ, ಅಪ್ಪನ ದನಿ, ನಾ ನಿನ್ನ ಮಾತ ಕೇಳಬೇಕಿತ್ತು, ಅವಳು ಕಣ್ಣೊರೆಸುವುದಿಲ್ಲ, ಒತ್ತುತ್ತಾಳೆ, ಆ ವೇಗ ಬಂತು, ಆ ವೇಗ ದಾಟಿತು, ಮೇಜು ಅದುರುತ್ತಿದೆ, ಅವಳ ಮುಖದ ಮೇಲೆ ನೀಲಿ, ಅಪ್ಪನ ಬಿಳಿ ಮೀಸೆಯ ಮೇಲೆ ನೀಲಿ, ಬೇರೆ ಬೇರೆ ಕಿಡಿ ಅಂತ ಗೊತ್ತೇ ಆಗುವುದಿಲ್ಲ ಈಗ, ಒಂದೇ ಗೆರೆ, ಆರದ ನೀಲಿ ಗೆರೆ, ಒಂದೇ ನೀಲಿ —