ತುಂಡುಗೆರೆ

“ಕೈ ತೆಗೀರಿ ಆಂಟಿ. ಮೌಸ್ ಅದು, ಲಟ್ಟಣಿಗೆ ಅಲ್ಲ.”

ಸಂಕರ್ಷಣ ಹಾಗೆಂದದ್ದಕ್ಕೆ ಪಕ್ಕದಲ್ಲಿದ್ದ ಇಬ್ಬರು ಡಿಪ್ಲೊಮಾ ಹುಡುಗಿಯರು ಕಿಸಕ್ಕೆಂದರು. ಸರಸ್ವತಮ್ಮ ಕೈ ತೆಗೆದರು.

ಚಾಮರಾಜಪೇಟೆಯ ಆ ಪಂಪು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಅವರಿಗೆ ಇಪ್ಪತ್ತೆರಡು ವರ್ಷ. ಅಲ್ಲಿಂದ ಹೊರಬಿದ್ದ ಒಂದೊಂದು ನಕ್ಷೆಯೂ ಅವರ ಕೈಯದೇ. ತೊಂಬತ್ತಾರರ ಶ್ರಾವಣದಲ್ಲಿ ಮಾಲೀಕರಾದ ಶೀನಣ್ಣನವರು ಎರಡು ಕಂಪ್ಯೂಟರ್ ತರಿಸಿ, ಅದರಲ್ಲಿ ನಕ್ಷೆ ಬರೆಯುವ ಕ್ಯಾಡ್ ಕಲಿಸಲು ತಮ್ಮ ಅಕ್ಕನ ಮಗ ಸಂಕರ್ಷಣನನ್ನು ಕೂರಿಸಿದ್ದರು. ಬಂದ ವಾರದಲ್ಲೇ ಅವನು ಸರಸ್ವತಮ್ಮನ ಡ್ರಾಯಿಂಗ್ ಬೋರ್ಡನ್ನು ಜಗಲಿಗೆ ಹಾಕಿಸಿ, ಆ ಜಾಗದಲ್ಲಿ ಖಾಲಿ ಥರ್ಮೋಕೋಲು ಪೆಟ್ಟಿಗೆಗಳನ್ನು ಪೇರಿಸಿದ್ದ. ಅಂದಿನಿಂದ ಅವನ ಧ್ವನಿ ಕೇಳಿದರೆ ಸಾಕು, ಅವರ ಹಲ್ಲು ಕಚ್ಚಿಕೊಳ್ಳುತ್ತಿತ್ತು.

ಅವನು ತಾನೇ ಮಾಡಿದ ಮೊದಲ ನಕ್ಷೆ ಪಂಪು ನಿಲ್ಲಿಸುವ ಬ್ರಾಕೆಟಿನದು. ಪ್ರಿಂಟು ಬಂದಾಗ ಸರಸ್ವತಮ್ಮನಿಗೆ ಒಂದೇ ನೋಟಕ್ಕೆ ತಪ್ಪು ಕಂಡಿತು. ವಸ್ತುವನ್ನು ಎಡಗಡೆಯಿಂದ ನೋಡಿದಾಗ ಕಾಣುವುದನ್ನು ಕಾಗದದ ಬಲಗಡೆ ಬರೆಯುವುದು ಕಾರ್ಖಾನೆಯ ರೂಢಿ. ಸಂಕರ್ಷಣ ಅಮೆರಿಕದ ಪುಸ್ತಕದಿಂದ ಕಲಿತವನು. ಬಲಗಡೆಯಿಂದ ಕಂಡದ್ದನ್ನು ಬಲಗಡೆಯೇ ಇಟ್ಟಿದ್ದ. ಯಾವ ರೂಢಿಯಲ್ಲಿ ಓದಬೇಕೆಂದು ತಿಳಿಸುವ ಮೂಲೆಯ ಗುರುತು ಮಾತ್ರ ಹಳೆಯದೇ ಇತ್ತು, ಸರಸ್ವತಮ್ಮನ ನಕ್ಷೆಯಿಂದ ಹಾಗೇ ಎತ್ತಿಕೊಂಡದ್ದು. ಸಾಲದ್ದಕ್ಕೆ, ಹಿಂದೆ ಮರೆಯಾಗಿರುವ ಅಂಚನ್ನು ತೋರಿಸುವ ತುಂಡುಗೆರೆ ಪ್ರಿಂಟಿನಲ್ಲಿ ಇಡಿಗೆರೆಯಾಗಿ ಬಂದಿತ್ತು. ಬ್ರಾಕೆಟಿನ ಪಾದ ಹಿಂದಕ್ಕಿರಬೇಕು; ಕಾಗದ ಓದಿದವರಿಗೆ ಮುಂದಕ್ಕಿದೆ ಅನ್ನಿಸುತ್ತಿತ್ತು.

“ನೋಡಪ್ಪಾ, ಈ ಗೆರೆ ತುಂಡಾಗಿ ಬರ್ಬೇಕಿತ್ತು. ಮತ್ತೆ ಈ ಪಕ್ಕದ ನೋಟ…”

“ಪಾಠ ಹೇಳೋದು ನಾನಾ, ನೀವಾ?” ಅವನು ತಲೆ ಎತ್ತಲಿಲ್ಲ. “ಟೀ ಬಂತಾ ನೋಡ್ಕೊಂಡ್ ಬನ್ನಿ, ಹೋಗಿ.”

ಸರಸ್ವತಮ್ಮ ಎದ್ದು ಹೋಗಿ, ಟೀ ಬಂದಿದೆಯಾ ಎಂದು ನೋಡಿಕೊಂಡು ಬಂದರು.

ಎರಡು ದಿನ ಬಿಟ್ಟು ಮಾವಳ್ಳಿಯ ಮುನಿರಾಮಪ್ಪ ಸೈಕಲ್ಲು ಹೊಡೆದುಕೊಂಡು ಬಂದ. ಎರಕ ಹೊಯ್ಯಲು ಬೇಕಾದ ಮರದ ಅಚ್ಚು ಮಾಡುವವನು, ಶೀನಣ್ಣನವರ ತಂದೆಯ ಕಾಲದಿಂದ ಇದ್ದವನು. ಜಗಲಿಯಲ್ಲಿ ಪ್ರಿಂಟು ಬಿಡಿಸಿ ಹಿಡಿದ.

“ಅಮ್ಮೋರೆ, ಹಳೇದ್ರಲ್ಲಿ ಪಾದ ಹಿಂದಕ್ಕಿತ್ತು. ಇದ್ರಲ್ಲಿ ಮುಂದಕ್ಕೈತೆ. ಹಿಂಗೇ ಮಾಡ್ಬುಡ್ಲಾ?”

ಗಾಜಿನಾಚೆ ಸಂಕರ್ಷಣ ಕುರ್ಚಿಯಲ್ಲಿ ಒರಗಿ ಫೋನಿನಲ್ಲಿ ನಗುತ್ತಿದ್ದ. ಸರಸ್ವತಮ್ಮ ಅವನನ್ನೇ ನೋಡುತ್ತಾ ಹೇಳಿದರು, “ಕಾಗದದಲ್ಲಿ ಹೇಗಿದ್ಯೋ ಹಾಗೇ ಮಾಡಿ.”

“ನೀವು ಅಂದ್ಮ್ಯಾಕೆ ಆಯ್ತು ಬುಡಿ.”

ಅವತ್ತು ಮಧ್ಯಾಹ್ನ, ಬಹಳ ದಿನಗಳ ಮೇಲೆ, ಅವರಿಗೆ ಡಬ್ಬಿಯ ಅನ್ನ ರುಚಿಸಿತು.

ಗೌರಿಹಬ್ಬ ಕಳೆದ ಮೇಲೆ ಆ ಅಚ್ಚಿನಿಂದ ಹೊಯ್ದ ನಲವತ್ತು ಎರಕಗಳು ಅಂಗಳದಲ್ಲಿ ಇಳಿದವು. ಒಂದಕ್ಕೂ ಪಂಪು ಕೂರಲಿಲ್ಲ. ತಿರುಗಿಸಿಟ್ಟರೆ ಪೈಪಿನ ಬಾಯಿ ಗೋಡೆಗೆ ಬರುತ್ತಿತ್ತು. ಬಲಗಾಲಿಗೆ ಎಡಗಾಲಿನ ಮೆಟ್ಟು ಹಾಕಿದ ಹಾಗೆ. ಶೀನಣ್ಣನವರ ಕೂಗು ಬೀದಿಗೆ ಕೇಳಿಸಿತು. ಸರಸ್ವತಮ್ಮ ಬಾಗಿಲಲ್ಲಿ ನಿಂತು ಸಂಕರ್ಷಣನ ಮುಖ ಬಾಡುವುದನ್ನೇ ಕಾದರು.

ಅದು ಬಾಡಲಿಲ್ಲ. ಅವನು, ಪ್ರಿಂಟು ಹಿಡಿದು ಬಂದಿದ್ದ ಮುನಿರಾಮಪ್ಪನೂ ಸೇರಿ, ಎಲ್ಲರನ್ನೂ ಒಳಗೆ ಕರೆದು ಕಂಪ್ಯೂಟರಿನ ಪರದೆ ತೋರಿಸಿದ. “ನೋಡು ಮಾವ, ತುಂಡುಗೆರೆ ಇದೆ. ನೋಟಾನೂ ಸರಿಯಾದ ಕಡೇನೇ ಇದೆ. ಈ ಅಚ್ಚಿನವ್ರಿಗೆ ಓದೋಕ್ ಬರ್ದೇ ಇದ್ರೆ ನಾನೇನ್ ಮಾಡ್ಲಿ?”

ಯಾವಾಗಲೋ ತಿದ್ದಿಬಿಟ್ಟಿದ್ದ. ಟ್ರೇಸಿಂಗ್ ಕಾಗದವಾಗಿದ್ದರೆ ಬ್ಲೇಡಿನಿಂದ ಹೆರೆದ ಗುರುತಾದರೂ ಉಳಿಯುತ್ತಿತ್ತು. ಮುನಿರಾಮಪ್ಪ ಕೈಯಲ್ಲಿದ್ದ ಪ್ರಿಂಟನ್ನು ಮುಂದೆ ಚಾಚಿದ. ಶೀನಣ್ಣನವರು ಅದನ್ನು ಮುಟ್ಟಲೇ ಇಲ್ಲ.

“ಹಳಬ ಅಂತ ಸಲುಗೆ ಕೊಟ್ಟಿದ್ದೇ ತಪ್ಪಾಯ್ತು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಮುನಿರಾಮಪ್ಪ ಒಂದು ಸಲ, ಒಂದೇ ಸಲ, ಸರಸ್ವತಮ್ಮನ ಕಡೆ ನೋಡಿದ. ಅವರನ್ನು ಕೇಳಿಯೇ ಮಾಡಿದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಸರಸ್ವತಮ್ಮ ಕಣ್ಣನ್ನು ಪರದೆಯ ಕಡೆ ತಿರುಗಿಸಿಕೊಂಡರು. ಅವನು ಪ್ರಿಂಟು ಸುತ್ತಿಕೊಂಡು ಹೊರಟುಹೋದ.

ಆ ರಾತ್ರಿ ಅವರು ಹೇಗೆ ಕಳೆದರೋ, ಬೆಳಗ್ಗೆ ಆಫೀಸಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿದ್ದರು. ಶೀನಣ್ಣನವರು ಬಂದೊಡನೆ ಅವರ ಹಿಂದೆಯೇ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು.

“ಮುನಿರಾಮಪ್ಪ ನನ್ನನ್ನ ಕೇಳಿದ್ರು, ಸಾರ್. ತಪ್ಪು ಅಂತ ಗೊತ್ತಿದ್ದೂ ಮಾಡಿ ಅಂದೆ.”

“ಯಾಕೆ?”

ಟೀ ವಿಷಯ ಹೇಳಬೇಕೆಂದು ಬಾಯಿ ತೆರೆದರು. ಇಷ್ಟು ದೊಡ್ಡ ಕೋಣೆಯಲ್ಲಿ ಅದು ಬಹಳ ಚಿಕ್ಕ ಮಾತಾಗಿ ಕಂಡಿತು.

“ಹುಡುಗ ತಪ್ಪು ಮಾಡಿದ, ಕಲೀತಾನೆ,” ಅಂದರು ಶೀನಣ್ಣ. “ನೀವು ಗೊತ್ತಿದ್ದೂ ಮಾಡಿದ್ರಲ್ಲಮ್ಮ. ನಿಮ್ಮನ್ನ ಹೇಗೆ ಇಟ್ಕೊಳ್ಲಿ?”

“ನನ್ನನ್ನ ಬಿಡಿ. ಅವರನ್ನ ವಾಪಸ್ ಕರೀರಿ.”

“ಅಚ್ಚಿನ ಕೆಲಸ ನಿನ್ನೇನೇ ನಗರ್ತಪೇಟೆಯವನಿಗೆ ಕೊಟ್ಟಾಯ್ತು. ಆಡಿದ ಮಾತು ತಿರುಗಿ ನುಂಗಕ್ಕಾಗತ್ತಾ?”

ಅವರು ಹೊರಗೆ ಬರುವಾಗ ಸಂಕರ್ಷಣ ಬಾಗಿಲು ತೆರೆದು ಹಿಡಿದಿದ್ದ. ಅಷ್ಟು ದಿನದಲ್ಲಿ ಅವನು ತೋರಿಸಿದ ಮರ್ಯಾದೆ ಅದೊಂದೇ.

ಲಾಲ್‌ಬಾಗಿನ ಗೋಡೆಯ ಪಕ್ಕದಲ್ಲೇ ನಡೆದು ಸರಸ್ವತಮ್ಮ ಮಾವಳ್ಳಿಗೆ ಬಂದರು. ಮನೆಯ ಮುಂದಿನ ತಗಡಿನ ಚಪ್ಪರದಡಿ ಮುನಿರಾಮಪ್ಪ ಯಾರದೋ ಬಾಗಿಲಿನ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ.

“ಹೇಳಿಬಂದೆ,” ಅಂದರು ಇವರು. “ತಪ್ಪು ನಂದು ಅಂತ.”

ಉಜ್ಜುಗೊರಡು ಹಲಗೆಯ ತುದಿಯವರೆಗೆ ಹೋಗಿ ಹಿಂದಕ್ಕೆ ಬಂತು.

“ನಿನ್ನೆ ಹೇಳ್ಬೇಕಿತ್ತು,” ಅಂದ ಅವನು.

ಕೂರಿ ಎನ್ನಲಿಲ್ಲ. ಒಳಗಿಂದ ಅವನ ಹೆಂಡತಿ ಸಿದ್ದಮ್ಮ ಪೊರಕೆ ಹಿಡಿದು ಬಂದು ಚಪ್ಪರದಡಿಯ ಮರದ ಹೊಟ್ಟು ಗುಡಿಸತೊಡಗಿದಳು. ಮೂಲೆಯಿಂದ ಶುರುಮಾಡಿ ಸರಸ್ವತಮ್ಮನ ಹತ್ತಿರ ಬಂದಾಗ, ಪಕ್ಕಕ್ಕೆ ಸರೀರಿ ಎನ್ನದೆ, ಅವರ ಸುತ್ತ ಬಳಸಿಕೊಂಡು ಮುಂದೆ ಗುಡಿಸುತ್ತಾ ಹೋದಳು. ನೆಲವೆಲ್ಲ ಚೊಕ್ಕಟವಾಯಿತು. ಅವರು ನಿಂತ ಜಾಗದಲ್ಲಿ ಮಾತ್ರ ಮೊರದಗಲ ಹೊಟ್ಟು ಹಾಗೇ ಉಳಿದಿತ್ತು.