ಬದ್ ಅಂದ ಕಲ್ಲು

ಮಹೇಶಕುಮಾರ ನನ್ನ ಪ್ರಮಾಣಪತ್ರವನ್ನು ನಾಲ್ಕು ತುಂಡು ಮಾಡಿದಾಗ ನಾನು ಅವನ ಕಪಾಳಕ್ಕೆ ಒಂದು ಬಿಟ್ಟೆ. ಬಿಟ್ಟದ್ದು ತಪ್ಪೇ. ಆದರೆ ಆ ತಪ್ಪು ಮಾಡಿದ್ದಕ್ಕೆ ಇವತ್ತಿಗೂ ನನಗೆ ಸಂತೋಷವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಹೇಶಕುಮಾರ ಅಂದರೆ ವಾಡಿಗೂ ಶಹಾಬಾದಿಗೂ ನಡುವೆ ಇರುವ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಒಂದು ಖಣಿಯ ಮಾಲೀಕ. ನಾನು ಶಿವರಂಜನಿ, ಒಂಬತ್ತು ವರ್ಷ ಅದೇ ಖಣಿಯಲ್ಲಿ ಭೂವಿಜ್ಞಾನಿ. ಹೆಸರು ದೊಡ್ಡದು, ಕೆಲಸ ಇಷ್ಟೇ: ಹೊಂಡ ಅಳೆಯುವುದು, ನಕ್ಷೆ ಬರೆಯುವುದು, ಕೆಳಗೆ ಸಹಿ ಹಾಕುವುದು. ಆ ವರ್ಷ ಅಳೆದಾಗ ಖಣಿ ತನ್ನ ಗಡಿ ದಾಟಿ ನಲವತ್ತು ಮೀಟರು ಊರಿನ ದನದ ಗೋಮಾಳದೊಳಗೆ ಹೋಗಿತ್ತು. ನಕ್ಷೆಯಲ್ಲಿ ಮಾತ್ರ ಗಡಿಯೊಳಗೇ ಇರಬೇಕೆಂದು ಮಹೇಶಕುಮಾರ ಹೇಳಿದ. ನಾನು ಸಹಿ ಹಾಕಲಿಲ್ಲ.

ಅದೇ ಹೊತ್ತಿಗೆ ಸರ್ಕಾರ ಭೂವಿಜ್ಞಾನಿಗಳ ನೇಮಕಾತಿಗೆ ಅರ್ಜಿ ಕರೆಯಿತು. ನಾನು ಚಿಂಚೋಳಿಯ ಕೆಂಪು ಗುಡ್ಡಗಳಲ್ಲಿ ಕಲ್ಲು ಕುಟ್ಟಿಕೊಂಡು ಎಂ.ಎಸ್ಸಿ. ಮುಗಿಸಿದ ಮೇಲೆ ಈ ಹುದ್ದೆ ಕರೆದದ್ದು ಅದೇ ಮೊದಲು. ಅರ್ಜಿಯ ಕೊನೆಯ ದಿನಕ್ಕೆ ನನ್ನ ವಯಸ್ಸಿನ ಮಿತಿ ಮುಗಿಯಲು ಹತ್ತೊಂಬತ್ತು ದಿನ ಬಾಕಿ. ಇದು ತಪ್ಪಿದರೆ ಮುಂದಿನದಕ್ಕೆ ನಾನು ಮುದುಕಿ. ನಮ್ಮ ಭಾಗದವರ ಮೀಸಲಾತಿಗೆ ಬೇಕಾದ ೩೭೧-ಜೆ ಪ್ರಮಾಣಪತ್ರಕ್ಕಾಗಿ ಮೂರು ಸಲ ಸೇಡಂಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದಿದ್ದೆ. ಕಾಗದ ಕೈಗೆ ಬಂದದ್ದು ಕೊನೆಯ ದಿನದ ಹಿಂದಿನ ಸಂಜೆ.

ಕೊನೆಯ ದಿನ ಮಧ್ಯಾಹ್ನ ಖಣಿಯ ಆಫೀಸಿಗೆ ಹೋದದ್ದು ಡ್ರಾಯರಿನಲ್ಲಿದ್ದ ಅಂಕಪಟ್ಟಿಗಳನ್ನು ತರಲು. ಸಂಜೆ ಐದೂವರೆಗೆ ಅರ್ಜಿ ಬಂದ್. ಆಫೀಸಿನಲ್ಲಿ ಮಹೇಶಕುಮಾರ ಕುಳಿತಿದ್ದ. ಪಕ್ಕದಲ್ಲಿ ಅವನ ಇಬ್ಬರು ಆಳುಗಳು. ನಾನು ಅಂಕಪಟ್ಟಿಗಳನ್ನು ತೆಗೆದು ಹೆಗಲ ಚೀಲಕ್ಕೆ ಹಾಕಿಕೊಂಡೆ.

"ಸರ್ಕಾರಿ ಸಾಹೇಬ್ರು ಆಗಾಕತ್ತೀಯಂತ," ಎಂದ. "ಆಗಿ ನನ್ನ ಖಣಿಗೇ ಟೇಪ್ ಹಿಡಕೊಂಡು ಬರ್ತಿ. ಉಂಡ ಮನಿ ಜಂತಿ ಎಣಸೋದು ಅಂದ್ರ ಇದೇ."

"ಜಂತಿ ನಿಮ್ಮ ಮನೀದಾದ್ರ ಎಣಸ್ತಿರಲಿಲ್ರಿ. ಅದು ಊರ ದನದ್ದು."

ಅವನು ಎದ್ದು ನನ್ನ ಚೀಲಕ್ಕೆ ಕೈಹಾಕಿ ಪ್ರಮಾಣಪತ್ರ ಎಳೆದು ಹರಿದ. ನಾನು ಹೊಡೆದೆ. ಹೊಡೆದು ಸುಮ್ಮನಿದ್ದರೆ ಬೇರೆ ಮಾತು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಹರೀರಿ, ಚೂರು ಚೂರು ಮಾಡ್ರಿ! ಅರ್ಜಿಗೆ ಬೇಕಾಗಿದ್ದು ಕಾಗದ ಅಲ್ಲ, ಅದರ ಮ್ಯಾಲಿನ ನಂಬರು. ಅದು ನನ್ನ ತಲ್ಯಾಗ ಅದ. ಇನ್ನ ಒಂದು ಫೋಟೊ, ಒಂದು ಸಹಿ. ಮುಗೀತು."

ಮಹೇಶಕುಮಾರ ಕೆನ್ನೆ ಒರೆಸಿಕೊಂಡ. ನನ್ನ ಬಲಗೈಯನ್ನೇ ನೋಡಿದ. ನಾನೇ ದಾರಿ ತೋರಿಸಿಕೊಟ್ಟೆ ಎಂದು ಆಗ ತಿಳಿಯಿತು.

"ನನ್ನ ನಕ್ಷಾಕ್ಕ ಸಹಿ ಹಾಕದ ಕೈ ಯಾವುದಕ್ಕೂ ಹಾಕಬಾರದು," ಎಂದ. "ಜಿಲಾನಿಗೆ ಕರೀರಿ. ಸುತ್ತಗಿ ತಗೊಂಡು ಬರಲಿ."

ಆಳುಗಳು ನನ್ನ ಜಡೆ ಹಿಡಿದು ಹೊರಗೆ ಎಳೆದರು. ಒಬ್ಬನ ಮಣಿಕಟ್ಟನ್ನು ಹಲ್ಲು ಇಳಿಯುವಷ್ಟು ಕಚ್ಚಿದೆ. ಅವನು ಹೊಟ್ಟೆಗೆ ಒದ್ದ. ಹೊಂಡದ ಅಂಚಿನಲ್ಲಿ ಜೋಡಿಸಿಟ್ಟ ಪರಸಿಗಳ ಮುಂದೆ ಮಂಡಿಯೂರಿಸಿ, ಎರಡು ಗುಂಡುಕಲ್ಲುಗಳ ಮೇಲೆ ಸೇತುವೆಯ ಹಾಗೆ ಇಟ್ಟ ಒಂದು ಉದ್ದನೆಯ ಪರಸಿಯ ಮೇಲೆ ನನ್ನ ಬಲಗೈಯನ್ನು ಒತ್ತಿಹಿಡಿದರು. ಕೆಳಗೆ ಹೊಂಡದಲ್ಲಿ ಕೆಲಸದವರು ತಲೆ ಎತ್ತಿ ನೋಡಿದರು, ಮತ್ತೆ ತಗ್ಗಿಸಿದರು. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಜಿಲಾನಿ ಕಾಕಾ ಬಂದ. ಸತ್ತ ನನ್ನ ಅಪ್ಪ ಬಸವಲಿಂಗ ಮತ್ತು ಅವನು ಒಂದೇ ಟೋಳಿಯಲ್ಲಿ ಇಪ್ಪತ್ತು ವರ್ಷ ಕಲ್ಲು ಸೀಳಿದವರು. ಅವನ ಎಡಗಿವಿ ಕಲ್ಲು ಸಿಡಿಸುವ ಮದ್ದಿನ ಸದ್ದಿಗೆ ಎಂದೋ ಹೋಗಿತ್ತು. ಬಲಗಿವಿ ಮಾತ್ರ ಈ ಸೀಮೆಯಲ್ಲೇ ಹೆಸರಾದದ್ದು. ನಮ್ಮ ಕಡೆ ಕಲ್ಲು ಒಡೆಯುವವರು ಯಾರೇ ಆಗಲಿ, ಏಟು ಹಾಕುವ ಮೊದಲು ಪರಸಿಯನ್ನು ಮೂರು ಸಲ ಮೆಲ್ಲಗೆ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಕಲ್ಲು ಖಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಬದ್ ಅನ್ನುತ್ತದೆ. ಬದ್ ಅಂದ ಕಡೆ ಹೊಡೆದರೆ ಏಟು ಎತ್ತ ಬಿದ್ದರೂ ಕಲ್ಲು ಬಿರುಕಿನ ಗೆರೆಗೇ ಒಡೆಯುತ್ತದೆ. ಇಷ್ಟನ್ನು ನಾನು ಅಂಗನವಾಡಿಗೆ ಹೋಗುವ ಮೊದಲೇ ಕಲಿತಿದ್ದೆ.

"ಹೊಡಿ," ಎಂದ ಮಹೇಶಕುಮಾರ.

"ಸಾಹೇಬ್ರ, ಬಸವಲಿಂಗನ ಮಗಳಿದ್ದಾಳ..."

"ಹೊಡೀತಿಯೋ, ನಾಳೆ ಪಾಲಿಶ್ ಶೆಡ್ಡಿನಾಗ ಮಾಸುಮಬಿ ಕೈ ಗಾಲಿಗೆ ಕೊಡಲೋ?"

ಮಾಸುಮಬಿ ಕಾಕಾನ ಹೆಂಡತಿ, ಅದೇ ಖಣಿಯಲ್ಲಿ ತಿರುಗುವ ಗಾಲಿಗೆ ಕಲ್ಲು ಹಿಡಿದು ಉಜ್ಜುವವಳು. ಕಾಕಾನ ಮುಖ ಬೂದಿಯಾಯಿತು. ಸುತ್ತಿಗೆ ಕೈಗೆ ತೆಗೆದುಕೊಂಡ. ನಾನು ಅವನಿಗೆ ಬೈದೆ, ಇಲ್ಲಿ ಬರೆಯಲಾಗದ ಬೈಗುಳ. ಅವನು ಬಗ್ಗಿ, ನನ್ನ ಕೈಯ ಪಕ್ಕ ಪರಸಿಯನ್ನು ತಟ್ಟಿದ.

ಖಣ್.

"ಪೂಜಿ ಮಾಡಾಕತ್ತೀಯೇನಲೇ?" ಮಹೇಶಕುಮಾರ ನಕ್ಕ.

"ರೂಢಿ ರಿ," ಎಂದ ಕಾಕಾ. ಮತ್ತೆ ತಟ್ಟಿದ. ಖಣ್. ಒಂದು ಗೇಣು ಆಚೆ ಸರಿದು ಮೂರನೆಯದು ತಟ್ಟಿದ.

ಬದ್.

ನಾನು ಬೈಯುವುದನ್ನು ನಿಲ್ಲಿಸಿದೆ. ಕಾಕಾ ನನ್ನ ಮುಖ ನೋಡಲಿಲ್ಲ. "ಇಲ್ಲಿ ಬರೋಬ್ಬರಿ ಕುಂದ್ರಂಗಿಲ್ಲ," ಎಂದು ಆಳುಗಳಿಗೆ ಗದರಿ, ನನ್ನ ಕೈಯನ್ನು ಬಿರುಕಿನ ಮಗ್ಗುಲಿಗೆ ತಂದಿಟ್ಟು, ಸುತ್ತಿಗೆ ಎತ್ತಿ ಹೊಡೆದ. ಏಟು ಬಿದ್ದದ್ದು ಕೈಗಲ್ಲ, ಕಿರುಬೆರಳಿನಿಂದ ಒಂದು ಬೆರಳಗಲ ಆಚೆ. ಪರಸಿ ಸಿಡಿಲು ಬಿದ್ದ ಹಾಗೆ ಸದ್ದು ಮಾಡಿ ಎರಡಾಯಿತು. ಕೈಯೂ ಕಲ್ಲೂ ಒಟ್ಟಿಗೆ ಕೆಳಗೆ ಬಿದ್ದವು. ಬೀಳುವಾಗ ಕಲ್ಲಿನ ಅಂಚು ಕಿರುಬೆರಳನ್ನೂ ಉಂಗುರ ಬೆರಳನ್ನೂ ಸಿಕ್ಕಿಸಿಕೊಂಡು ಮುರಿಯಿತು. ನಾನು ಕಿರುಚಿದೆ. ನಟನೆಯೇನೂ ಬೇಕಾಗಲಿಲ್ಲ.

ರಕ್ತ ಹರಿದದ್ದನ್ನು ಕಂಡು ಮಹೇಶಕುಮಾರನಿಗೆ ಸಮಾಧಾನವಾಯಿತು. ಎರಡು ಬೆರಳು ಮುರಿದು ಮೂರು ಉಳಿದದ್ದನ್ನು ಅವನು ಎಣಿಸಲಿಲ್ಲ. ಮುರಿದದ್ದು ಕಲ್ಲೋ ಮೂಳೆಯೋ ಎಂದು ಸದ್ದಿನಲ್ಲೇ ಹೇಳಬಲ್ಲವರು ಹೊಂಡದಲ್ಲಿ ನೂರು ಜನ ಇದ್ದರು. ಖಣಿಯ ಒಡೆಯನಿಗೆ ಮಾತ್ರ ಗೊತ್ತಾಗಲಿಲ್ಲ.

"ದವಾಖಾನಿಗೆ ಒಯ್ದು ಹಾಕು. ಕಲ್ಲು ಬಿತ್ತಂತ ಹೇಳು," ಎಂದು ಜೀಪು ಹತ್ತಿದ.

ಕಾಕಾ ತನ್ನ ತಲೆಯ ಪಟಗ ಹರಿದು ನನ್ನ ಕೈಗೆ ಸುತ್ತಿದ. ಹಳೆಯ ಟಿವಿಎಸ್ ಗಾಡಿಯ ಹಿಂದೆ ಅಂಕಪಟ್ಟಿಯ ಚೀಲ ಅವುಚಿಕೊಂಡು ಕುಳಿತು, ಅರ್ಧ ದಾರಿಯಲ್ಲಿ ಅವನ ಬೆನ್ನಿಗೆ ಗುದ್ದಿದೆ.

"ದವಾಖಾನಿ ಬ್ಯಾಡ ಕಾಕಾ. ವಾಡಿ. ಇಸಾಕನ ಅಂಗಡಿ."

"ಸಾಯ್ತಿ, ಹುಚ್ಚಿ."

"ಐದೂವರಿ ಆದ್ಮ್ಯಾಲ ಸಾಯ್ತೀನಿ. ಹೊಡಿ ಗಾಡಿ!"

ಇಸಾಕನದು ಸ್ಟೇಷನ್ ರಸ್ತೆಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ನಾವು ಮುಟ್ಟಿದಾಗ ನಾಲ್ಕು ನಲವತ್ತು. ಸರದಿಯಲ್ಲಿದ್ದ ಹುಡುಗಿಯರು ನನ್ನ ಕೈ ನೋಡಿ ಗೋಡೆಗೆ ಅಂಟಿದರು. ಇಸಾಕ ಒಂದು ಮಾತೂ ಕೇಳದೆ ಕುರ್ಚಿ ಎಳೆದ, ಫೋಟೊ ತೆಗೆದ. ನಾನು ಕಚ್ಚಿದವನ ರಕ್ತ ತುಟಿಯ ಮೇಲೆ ಒಣಗಿದ್ದ ಆ ಫೋಟೊವೇ ಈಗ ನನ್ನ ಹಾಲ್ ಟಿಕೆಟ್ಟಿನ ಮೇಲಿರುವುದು. ಆಮೇಲೆ ಬಿಳಿ ಹಾಳೆ, ಕರಿ ಪೆನ್ನು.

ಮೂರು ಬೆರಳಲ್ಲಿ ಪೆನ್ನು ಹಿಡಿದೆ. ನೋವು ಮೊಳಕೈ ದಾಟಿ ಹಲ್ಲಿಗೆ ಬಂತು. ಸಹಿ ಅರ್ಧವಾಗುವಷ್ಟರಲ್ಲಿ ಹಾಳೆಯ ಮೇಲೆ ರಕ್ತದ ಹನಿ ಬಿತ್ತು.

"ಮತ್ತೊಮ್ಮೆ ಹಾಕ್ರಿ ಅಕ್ಕ," ಎಂದ ಇಸಾಕ, ಕಣ್ಣಲ್ಲಿ ನೀರು ತಂದುಕೊಂಡು. "ಕರಿ ಇಂಕ್ ಬಿಟ್ಟು ಬ್ಯಾರೆ ಬಣ್ಣ ಇದ್ರ ರಿಜೆಕ್ಟ್ ಮಾಡ್ತದ."

ಮೂರನೆಯ ಹಾಳೆಯಲ್ಲಿ ಸಹಿ ಸ್ವಚ್ಛವಾಗಿ ಬಂತು. ಸ್ವಚ್ಛ ಅಂದರೆ ಕಪ್ಪೆ ಮಸಿಯಲ್ಲಿ ನಡೆದು ಹೋದ ಹಾಗೆ. ಇಸಾಕ ಒಂದೊಂದೇ ಕಾಲಂ ಓದತೊಡಗಿದ.

"ಮೈಮ್ಯಾಲಿನ ಗುರುತು?"

"ಗದ್ದದ ಮ್ಯಾಲ ಮಚ್ಚಿ. ಇನ್ನೊಂದು, ಬಲಗೈ ಕಿರುಬೆರಳು ಮುರದದ."

"ನಿಮ್ಮ ಮ್ಯಾಲ ಪೋಲೀಸ್ ಕೇಸ್ ಏನರೆ?"

"ಇನ್ನೂ ಇಲ್ಲ."

"ಇನ್ನೂ ಅಂತ ಕಾಲಂ ಇಲ್ರಿ ಅಕ್ಕ. ಇಲ್ಲ ಅಂತ ಹಾಕ್ತೀನಿ."

ವಾಡಿ ಎಷ್ಟು ದೊಡ್ಡ ಊರು? ಯಾವುದೋ ಲಾರಿಯ ಡ್ರೈವರ್ ಕಾಕಾನ ಗಾಡಿ ನೋಡಿ ಮಹೇಶಕುಮಾರನಿಗೆ ಫೋನು ಮಾಡಿದ್ದ. ಐದೂ ಹತ್ತಕ್ಕೆ ಜೀಪು ಬಂದು ನಿಂತ ಸದ್ದು ಕೇಳಿತು. ಹುಡುಗಿಯರು ಹಿಂಬಾಗಿಲಿನಿಂದ ಓಡಿದರು. ಕಾಕಾ ಸುತ್ತಿಗೆ ಹಿಡಿದು ಹೊರಗೆ ಹೋದ. ಹೋಗುವಾಗ ಶಟರ್ ತಾನೇ ಎಳೆದ.

"ಒಳಗಿಂದ ಕೀಲಿ ಹಾಕು ಇಸಾಕ. ಆಕಿ ಅರ್ಜಿ ಮುಗಿಯೋತನ ತೆಗೀಬ್ಯಾಡ."

ಉಳಿದದ್ದು ಒಂದೇ ಕೆಲಸ. ನನ್ನ ಫೋನಿಗೆ ಆರು ಅಂಕೆಯ ಒಟಿಪಿ ಬರಬೇಕು, ಅದನ್ನು ಒತ್ತಬೇಕು. ಸರ್ವರ್ ತಿರುಗುತ್ತಲೇ ಇತ್ತು. ಹೊರಗೆ ಮೊದಲು ಬೈಗುಳ, ಆಮೇಲೆ ಸುತ್ತಿಗೆ ಶಟರಿಗೆ ತಗುಲಿದ ಖಣ್. ಯಾರೋ ಒಬ್ಬ ಕಿರುಚಿದ, ಅದು ಕಾಕಾ ಅಲ್ಲ. ನನಗೆ ಖುಷಿಯಾಯಿತು. ಆಮೇಲೆ ದೊಣ್ಣೆಯ ಏಟುಗಳು. ಮಾಂಸದ ಮೇಲೆ ಬಿದ್ದದ್ದು, ಮೂಳೆಯ ಮೇಲೆ ಬಿದ್ದದ್ದು, ಒಂದೊಂದೂ ಬೇರೆ ಬೇರೆ ಕೇಳಿಸಿತು. ಕಾಕಾ ಒಂದು ಸಲ ಮಾತ್ರ ನನ್ನ ಅಪ್ಪನ ಹೆಸರು ಹಿಡಿದು ಕೂಗಿದ.

"ಅಕ್ಕ, ತೆಗೀಲೇನು?" ಇಸಾಕ ಕೀಲಿ ಹಿಡಿದು ನಿಂತಿದ್ದ. "ಸಾಯಿಸಾಕತ್ತಾರ."

ನಾನು ಪರದೆ ನೋಡುತ್ತಿದ್ದೆ. ಐದೂ ಇಪ್ಪತ್ತೊಂದು.

"ತಡಿ," ಎಂದೆ.

ಆ ಒಂದು ಪದವನ್ನು ಬಾಯಿಂದ ಕಿತ್ತು ಎಸೆಯಲಾಗಿದ್ದರೆ ಎಂದೋ ಎಸೆಯುತ್ತಿದ್ದೆ. ಆಗ ತಲೆಗೆ ಬಿದ್ದ ಒಂದು ಏಟಿನ ಸದ್ದು ಕೇಳಿಸಿತು. ಬದ್. ಅದರ ಹಿಂದೆಯೇ ಫೋನು ಗುಂಯ್ ಎಂದಿತು. ಎಡಗೈಯಲ್ಲಿ ಆರು ಅಂಕೆ ಒತ್ತಿದೆ. ಅರ್ಜಿ ಸ್ವೀಕರಿಸಲಾಗಿದೆ ಎಂದು ಹಸಿರು ಅಕ್ಷರ ಬಂತು. ಐದೂ ಇಪ್ಪತ್ತಾರು.

ಇಸಾಕ ಶಟರ್ ಎತ್ತಿದ. ಕಾಕಾ ಗಾಡಿಯ ಪಕ್ಕ ಮಗ್ಗುಲಾಗಿ ಬಿದ್ದಿದ್ದ. ಬಲಗಿವಿಯಿಂದ ರಕ್ತ ದಾರದ ಹಾಗೆ ಇಳಿದು ಧೂಳಿಗೆ ಸೇರುತ್ತಿತ್ತು. ಒಬ್ಬ ಆಳು ಕಾಲು ಹಿಡಿದುಕೊಂಡು ಹೊರಳುತ್ತಿದ್ದ. ಮಹೇಶಕುಮಾರ ದೊಣ್ಣೆ ಊರಿಕೊಂಡು ಏದುಸಿರು ಬಿಡುತ್ತ ಕೇಳಿದ, "ಹೋತೇನು ಅರ್ಜಿ?"

"ಹೋತು," ಎಂದೆ. ಕಾಕಾನ ಸುತ್ತಿಗೆಯನ್ನು ಎಡಗೈಯಲ್ಲಿ ಎತ್ತಿ ಅವನ ಮೊಣಕಾಲಿಗೆ ಹೊಡೆದೆ. ತಟ್ಟಿ ನೋಡಲಿಲ್ಲ. ಖಣ್ ಅನ್ನಲಿಲ್ಲ, ಬದ್ ಅನ್ನಲಿಲ್ಲ, ಮೂಳೆಯ ಸದ್ದೇ ಬೇರೆ. ಅವನು ಬಿದ್ದ ಮೇಲೆ ಇನ್ನೊಂದು ಹೊಡೆದೆ. ಮೂರನೆಯದಕ್ಕೆ ಎತ್ತಿದಾಗ ಇಸಾಕ ಹಿಂದಿನಿಂದ ಅಪ್ಪಿ ಹಿಡಿದ. ಹಿಡಿಯದಿದ್ದರೆ ಏನಾಗುತ್ತಿತ್ತೆಂದು ನನಗೆ ಗೊತ್ತು.

ಈಗ ಚಿತ್ತಾಪುರದ ಕೋರ್ಟಿನಲ್ಲಿ ಎರಡು ಕೇಸಿವೆ, ಅವನ ಮೇಲೊಂದು, ನನ್ನ ಮೇಲೊಂದು. ಒಂದೇ ದಿನ ಇಬ್ಬರಿಗೂ ತಾರೀಖು. ಅವನು ಕೋಲು ಊರಿಕೊಂಡು ಬರುತ್ತಾನೆ, ನಾನು ಸೊಟ್ಟ ಬೆರಳು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತೇನೆ. ಪರೀಕ್ಷೆ ಪಾಸಾದರೂ ಈ ಕೇಸು ನೌಕರಿಗೆ ಅಡ್ಡ ಬಂದೇ ಬರುತ್ತದೆ ಎಂದು ವಕೀಲರು ಹೇಳಿದ್ದಾರೆ. ಆದರೂ ಓದಿದ್ದೇನೆ.

ಹಾಲ್ ಟಿಕೆಟ್ ಬಂದ ದಿನ ಶಹಾಬಾದಿಗೆ ಕಾಕಾನ ಮನೆಗೆ ಹೋದೆ. ಅವನಿಗೀಗ ಎರಡೂ ಕಿವಿ ಕೇಳುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಾನೆ. ಕಲ್ಲಿಗೆ ತುಟಿ ಇಲ್ಲವಲ್ಲ, ಖಣಿಯ ಕೆಲಸ ಅಲ್ಲಿಗೆ ಮುಗಿಯಿತು. ಮಾಸುಮಬಿ ಚಹಾ ಕೊಟ್ಟು ಒಳಗೆ ಹೋದಳು. ನನ್ನ ಜೊತೆ ಆಕೆ ಹೆಚ್ಚು ಮಾತಾಡುವುದಿಲ್ಲ.

ಕಾಕಾ ಹಾಲ್ ಟಿಕೆಟ್ಟಿನ ಸಹಿ ನೋಡಿ ನಕ್ಕ. ಆಮೇಲೆ ಕೇಳಿದ, "ಅವತ್ತು ಶಟರಿನ ಒಳಗ ನಿನಗ ಕೇಳಸ್ತಿತ್ತೇನು?"

ಇಷ್ಟು ತಿಂಗಳು ಈ ಪ್ರಶ್ನೆಗೆ ಹೆದರಿಕೊಂಡೇ ಇದ್ದೆ.

"ಇಲ್ಲ ಕಾಕಾ. ಫ್ಯಾನಿನ ಗದ್ದಲ."

ಅವನು ನನ್ನ ಬಲಗೈ ಹಿಡಿದು ನೆಲದ ಪರಸಿಯ ಮೇಲೆ ಇಟ್ಟ. ಬೆರಳ ಗೆಣ್ಣಿನಿಂದ ಪಕ್ಕದಲ್ಲಿ ಮೂರು ಸಲ ತಟ್ಟಿದ. ಖಣ್, ಖಣ್, ಖಣ್. ಬಿರುಕಿಲ್ಲದ ಒಳ್ಳೆಯ ಕಲ್ಲು. ಅವನು ಕಲ್ಲಿನ ಕಡೆ ಬಗ್ಗಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ.

"ಬದ್ ಅಂತದ," ಎಂದ.

ನನಗೆ ಅಳು ತಡೆಯಲಾಗಲಿಲ್ಲ. ಅವನು ನನ್ನ ಕೈಯನ್ನು ಕಲ್ಲಿನಿಂದ ಎತ್ತಿ, ಹಾಲ್ ಟಿಕೆಟ್ಟು ಮಡಚಿ ಅಂಗೈಯೊಳಗಿಟ್ಟ.

"ಹೋಗಿ ಪರೀಕ್ಷಾ ಬರಿ," ಎಂದ. "ಬರೀಲಿಲ್ಲಂದ್ರ ನನ್ನ ಕಿವಿ ಸುಮ್ಮನ ಹೋದಂಗ ಆಗ್ತದ."